ಗೋಲ್ ಹೊಡೆದವರ ಲೆಕ್ಕ ಇದೆ, ತಡೆದವರ ಲೆಕ್ಕ ಎಲ್ಲಿ?

ಬಂಗಾರಪೇಟೆಯಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ಸೀಟಿಗೆ ಬರ, ಮಾತಿಗೆ ಬರ ಇಲ್ಲ. ಟೊಮೆಟೊ ರೇಟು, ರಾಜಕೀಯ, ಕ್ರಿಕೆಟ್ಟು ಎಲ್ಲ ಆದ ಮೇಲೆ ನಮ್ಮ ಬೋಗಿಯಲ್ಲಿ ಈಚೆಗೆ ಹಾಕಿ ಮಾತು ಶುರುವಾಗಿದೆ. ಕಾರಣ ಇದೆ. 2026ರ ಆಗಸ್ಟ್‌ನಲ್ಲಿ ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನಲ್ಲಿ ವಿಶ್ವಕಪ್. 2025ರಲ್ಲಿ ಬಿಹಾರದ ರಾಜ್‌ಗಿರ್‌ನಲ್ಲಿ ಕೊರಿಯಾವನ್ನು 4-1ರಿಂದ ಸೋಲಿಸಿ ಏಷ್ಯಾ ಕಪ್ ಗೆದ್ದ ನಮ್ಮವರು ಅದಕ್ಕೆ ನೇರ ಪ್ರವೇಶ ಪಡೆದಿದ್ದಾರೆ.

ಮೊನ್ನೆ ಒಬ್ಬ ಡಿಗ್ರಿ ಹುಡುಗ ನಮ್ಮ ಹಾಕಿ ತಂಡದ ಹರ್ಮನ್‌ಪ್ರೀತ್ ಸಿಂಗ್ ಬಗ್ಗೆ ಸುಮ್ನೆ ಒಂದು ಮಾತು ಎಸೆದ. "ಹರ್ಮನ್‌ಪ್ರೀತ್‌ಗಿಂತ ದೊಡ್ಡ ಪ್ಲೇಯರ್ ಇಂಡಿಯಾದಲ್ಲಿ ಬಂದೇ ಇಲ್ಲ ಅಣ್ಣಾ." ಕೆಜಿಎಫ್‌ನಿಂದ ಹತ್ತಿ ಬಂದಿದ್ದ ಹಿರಿಯರೊಬ್ಬರು ಪೇಪರ್ ಮಡಚಿಟ್ಟರು. "ಧ್ಯಾನ್‌ಚಂದ್ ಅಂತ ಒಬ್ಬರಿದ್ದರು, ಕೇಳಿದ್ದೀಯೇನಪ್ಪಾ?" ಅಂದರು. ಬಾಗಿಲ ಹತ್ತಿರ ನಿಂತಿದ್ದವರೊಬ್ಬರು ಧನರಾಜ್ ಪಿಳ್ಳೈ ಹೆಸರು ತೆಗೆದರು. ಇನ್ನೊಬ್ಬರು ಮೊಹಮ್ಮದ್ ಶಾಹಿದ್ ಅಂದರು. ಟೇಕಲ್ ದಾಟಿ ಮಾಲೂರು ಬರೋ ಹೊತ್ತಿಗೆ ಹತ್ತು ಹನ್ನೆರಡು ಹೆಸರು ಬಂದಿದ್ದವು. ಅಷ್ಟರಲ್ಲಿ ಒಬ್ಬರೂ ಒಬ್ಬ ಗೋಲ್‌ಕೀಪರ್ ಹೆಸರು ಹೇಳಲಿಲ್ಲ. ಬರೀ ತಡೆಯೋದೇ ಕೆಲಸ ಮಾಡಿಕೊಂಡಿದ್ದ ಒಬ್ಬ ಫುಲ್‌ಬ್ಯಾಕ್ ಹೆಸರೂ ಬರಲಿಲ್ಲ.

ಅವತ್ತಿಂದ ಇದೇ ತಲೆಯಲ್ಲಿ ಕೂತಿದೆ. ಭಾರತದ ಹಾಕಿಗೆ 41 ವರ್ಷದ ನಂತರ ಟೋಕಿಯೋದಲ್ಲಿ ಒಲಿಂಪಿಕ್ ಪದಕ ಬಂತು, ಅದರ ಹಿಂದೆಯೇ ಪ್ಯಾರಿಸ್‌ನಲ್ಲಿ ಇನ್ನೊಂದೂ ಬಂತು. ಆ ಎರಡೂ ಪದಕ ಬಂದಿದ್ದು ಗೋಲ್ ಹೊಡೆದಿದ್ದಕ್ಕೆ ಎಷ್ಟೋ, ಗೋಲ್ ಬಿಡದೇ ಇದ್ದಿದ್ದಕ್ಕೂ ಅಷ್ಟೇ. ಯಾರು ದೊಡ್ಡವರು ಅನ್ನೋ ಮಾತು ಬಂದಾಗ ಮಾತ್ರ ನಾವು ಮುಂದಿನ ಸಾಲಿನಿಂದ ಎಣಿಸೋಕೆ ಶುರು ಮಾಡುತ್ತೇವೆ. ಅರ್ಧಕ್ಕೇ ನಿಲ್ಲಿಸುತ್ತೇವೆ.

ಹರ್ಮನ್‌ಪ್ರೀತ್ ವಿಷಯವನ್ನೇ ತಗೊಳ್ಳಿ. ತಂಡದ ಪಟ್ಟಿಯಲ್ಲಿ ಅವರು ಡಿಫೆಂಡರ್. ಆದರೆ ನಾವು ಅವರ ಬಗ್ಗೆ ಮಾತಾಡೋದೆಲ್ಲ ಗೋಲ್ ಬಗ್ಗೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 10 ಗೋಲ್ ಹೊಡೆದು ಇಡೀ ಕೂಟದಲ್ಲೇ ಮೊದಲಿಗರಾದರು. ಅಂತರರಾಷ್ಟ್ರೀಯ ಹಾಕಿ ಫೆಡರೇಷನ್‌ನ ವರ್ಷದ ಆಟಗಾರ ಪ್ರಶಸ್ತಿ ಮೂರು ಸಲ ಬಂದಿದೆ. ಹಾಕಿ ಇಂಡಿಯಾ ಲೀಗ್ ಮತ್ತೆ ಶುರುವಾದಾಗ, 2024ರ ಹರಾಜಿನಲ್ಲಿ ಅವರಿಗೆ 78 ಲಕ್ಷ ರೂಪಾಯಿ ಸಿಕ್ಕಿತು, ಅದೇ ಆ ಹರಾಜಿನ ಅತಿ ದೊಡ್ಡ ಮೊತ್ತ. ವಿದೇಶಿಯರಲ್ಲಿ ಜರ್ಮನಿಯ ಗೊನ್ಸಾಲೊ ಪೈಲಾಟ್ 68 ಲಕ್ಷಕ್ಕೆ ಹೋದರು. ಅವರೂ ಡಿಫೆಂಡರೇ. ಡಿಫೆಂಡರ್‌ಗಳಿಗೆ ಇಷ್ಟೊಂದು ಬೆಲೆಯಾ ಅಂತ ಖುಷಿಪಡೋ ಮುಂಚೆ ಒಂದು ಯೋಚಿಸಿ. ಆ ದುಡ್ಡು ಕೊಟ್ಟಿದ್ದು ಅವರ ಟ್ಯಾಕಲ್‌ಗೋ, ಪೆನಾಲ್ಟಿ ಕಾರ್ನರ್‌ನಲ್ಲಿ ಚೆಂಡನ್ನು ಸ್ಟಿಕ್ಕಿನಿಂದ ಎಳೆದು ಗೋಲಿನತ್ತ ಬೀಸುವ ಡ್ರ್ಯಾಗ್ ಫ್ಲಿಕ್‌ಗೋ? ಉತ್ತರ ಎಲ್ಲರಿಗೂ ಗೊತ್ತು, ಅಲ್ವಾ?

ಹರ್ಮನ್‌ಪ್ರೀತ್ ತಡೆಯೋದರಲ್ಲಿ ಕಮ್ಮಿ ಅಂತ ನಾನು ಹೇಳುತ್ತಿಲ್ಲ. ಹಿಂದಿನಿಂದ ಅವರು ಎತ್ತಿ ಹಾಕುವ ಉದ್ದನೆಯ ಚೆಂಡು ಎದುರಾಳಿಯ ಅರ್ಧ ತಂಡವನ್ನೇ ದಾಟಿಸಿಬಿಡುತ್ತದೆ, ನೋಡೋಕೇ ಒಂದು ಚೆಂದ. ಆದರೆ ಪೆನಾಲ್ಟಿ ಕಾರ್ನರ್ ಒಂದು ಪಕ್ಕಕ್ಕಿಟ್ಟು ಅವರು ಎಷ್ಟು ದೊಡ್ಡ ಡಿಫೆಂಡರ್ ಅಂತ ಕೇಳಿದರೆ ನಮ್ಮ ಹತ್ತಿರ ಉತ್ತರ ಇಲ್ಲ. ಯಾಕಂದರೆ ನಾವು ಅದನ್ನು ನೋಡೇ ಇಲ್ಲ. ಪಾಕಿಸ್ತಾನದ ಸೊಹೈಲ್ ಅಬ್ಬಾಸ್ ಕಥೆಯೂ ಇದೇ. 348 ಅಂತರರಾಷ್ಟ್ರೀಯ ಗೋಲ್ ಅನ್ನೋ ಸಂಖ್ಯೆ ಹಾಕಿ ನೋಡೋರ ಬಾಯಲ್ಲಿ ಇರುತ್ತದೆ. ಫುಲ್‌ಬ್ಯಾಕ್ ಆಗಿ ಅವರು ಹೇಗೆ ಆಡುತ್ತಿದ್ದರು ಅಂತ ಕೇಳಿ ನೋಡಿ, ಹತ್ತರಲ್ಲಿ ಒಬ್ಬರು ಹೇಳಿದರೆ ಜಾಸ್ತಿ.

ಈಗ ಇನ್ನೊಂದು ಥರದ ಡಿಫೆಂಡರ್ ಬಗ್ಗೆ ಹೇಳುತ್ತೇನೆ. ದಿಲೀಪ್ ಟಿರ್ಕಿ. 412 ಪಂದ್ಯ, ಮೂರು ಒಲಿಂಪಿಕ್ಸ್, 2004ರ ಅಥೆನ್ಸ್‌ನಲ್ಲಿ ನಾಯಕ. ಆ ಕಾಲದ ತಂಡಕ್ಕೆ ಒಲಿಂಪಿಕ್ ಪದಕ ಸಿಗಲಿಲ್ಲ, ಅದಕ್ಕೇ ಅವರ ಹೆಸರು ಇಂಥ ಚರ್ಚೆಗಳಲ್ಲಿ ಬರೋದೇ ಇಲ್ಲ. ಒಡಿಶಾದ ಸುಂದರ್‌ಗಢ ಜಿಲ್ಲೆಯ ಸೌನಾಮಾರಾ ಅನ್ನೋ ಹಳ್ಳಿಯವರು. ಅದೇ ಹಳ್ಳಿಯಿಂದ ಅಮಿತ್ ರೋಹಿದಾಸ್ ಬಂದರು. ಅಮಿತ್ ಮಾಡುವ ಕೆಲಸ ಹಾಕಿಯಲ್ಲಿ ಯಾರಿಗೂ ಬೇಡವಾದ ಕೆಲಸ. ಅವರು ಫಸ್ಟ್ ರಶರ್.

ರಶರ್ ಅಂದರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳಲೇಬೇಕು, ಟಿವಿಯಲ್ಲಿ ಅದು ಕಣ್ಣು ಮಿಟುಕಿಸೋದರಲ್ಲಿ ಮುಗಿದುಹೋಗುತ್ತದೆ. ಪೆನಾಲ್ಟಿ ಕಾರ್ನರ್ ಸಿಕ್ಕಾಗ ತಡೆಯುವ ತಂಡದಿಂದ ಗೋಲ್‌ಕೀಪರ್ ಸೇರಿ ಐದೇ ಜನ ಹಿಂದಿನ ಗೆರೆಯ ಆಚೆ ನಿಲ್ಲಬೇಕು. ಉಳಿದವರು ಮೈದಾನದ ಮಧ್ಯದ ಗೆರೆ ದಾಟಿ ಆಚೆ. ಗೋಲ್ ಕಂಬದಿಂದ 10 ಮೀಟರ್ ದೂರದ ಗುರುತಿನಿಂದ ಎದುರಾಳಿ ಚೆಂಡನ್ನು ತಳ್ಳುತ್ತಾನೆ. 'ಡಿ' ಅನ್ನುತ್ತೇವಲ್ಲ, ಆ ಅರೆಚಂದ್ರದ ಗೆರೆಯ ಹೊರಗೆ ಇನ್ನೊಬ್ಬ ಅದನ್ನು ಸ್ಟಿಕ್ಕಿನಿಂದ ನಿಲ್ಲಿಸುತ್ತಾನೆ. ಮೂರನೆಯವನು ಬಗ್ಗಿ, ಚೆಂಡನ್ನು ಸ್ಟಿಕ್ಕಿನ ಕೊಕ್ಕೆಗೆ ಸಿಕ್ಕಿಸಿಕೊಂಡು, ಉದ್ದಕ್ಕೆ ಎಳೆದು ಬೀಸುತ್ತಾನೆ. ಆ ಚೆಂಡು ಗಂಟೆಗೆ 100 ಕಿಲೋಮೀಟರ್ ಮೀರಿ ಬರುತ್ತದೆ. ಸ್ಟಿಕ್ ಬೀಸಿ ಹೊಡೆದರೆ ಮೊದಲ ಹೊಡೆತ ಗೋಲಿನ ಹಲಗೆಯ ಎತ್ತರ, ಅಂದರೆ 46 ಸೆಂಟಿಮೀಟರ್ ಮೀರಬಾರದು ಅನ್ನೋ ನಿಯಮ ಇದೆ. ಫ್ಲಿಕ್‌ಗೆ ಆ ಮಿತಿ ಇಲ್ಲ. ಎದೆಗೂ ಬರಬಹುದು, ಮುಖಕ್ಕೂ ಬರಬಹುದು.

ಆ ಚೆಂಡಿನ ಎದುರಿಗೆ ಓಡಿಹೋಗುವವನೇ ರಶರ್. ಮುಖಕ್ಕೊಂದು ಮಾಸ್ಕ್, ಮೊಣಕಾಲಿಗೆ ಪ್ಯಾಡ್, ಕೈಗೆ ಗ್ಲೌಸ್, ಅಷ್ಟೇ. ಚೆಂಡು ತಳ್ಳಿದ ಕ್ಷಣಕ್ಕೆ ಗೋಲ್ ಒಳಗಿನಿಂದ ಹೊರಡುತ್ತಾನೆ. ಸ್ಟಿಕ್ ನೆಲಕ್ಕೆ ಹತ್ತಿರ ಇಟ್ಟು, ಮೈಯನ್ನು ಒಂದು ಪಕ್ಕಕ್ಕೆ ವಾಲಿಸಿ, ಫ್ಲಿಕ್ ಮಾಡುವವನ ಕಡೆಗೇ ಓಡುತ್ತಾನೆ. ಯಾವ ಪಕ್ಕ ಮುಚ್ಚಬೇಕು, ಯಾವ ಪಕ್ಕ ಗೋಲ್‌ಕೀಪರ್‌ಗೆ ಬಿಡಬೇಕು ಅನ್ನೋದು ಮೊದಲೇ ಮಾತಾಗಿರುತ್ತದೆ. ಒಂದು ಹೆಜ್ಜೆ ತಪ್ಪಿದರೆ ಕೀಪರ್‌ಗೆ ಚೆಂಡೇ ಕಾಣುವುದಿಲ್ಲ. ಇನ್ನೊಂದು ನಿಯಮ ಕೇಳಿ. ಹತ್ತಿರ ಹೋದ ರಶರ್‌ಗೆ ಮೊಣಕಾಲಿನ ಕೆಳಗೆ ಚೆಂಡು ತಗುಲಿದರೆ ಎದುರಾಳಿಗೆ ಮತ್ತೊಂದು ಪೆನಾಲ್ಟಿ ಕಾರ್ನರ್. ಪೆಟ್ಟು ತಿಂದವನು ಕುಂಟುತ್ತಾ ವಾಪಸ್ ಹೋಗಿ ಮತ್ತೆ ಅದೇ ಜಾಗದಲ್ಲಿ ನಿಲ್ಲಬೇಕು. ಅವನು ಓಡಿಬಂದಿದ್ದಕ್ಕೆ ಗಾಬರಿಯಾಗಿ ಫ್ಲಿಕ್ ಮಾಡುವವನು ಚೆಂಡನ್ನು ಆಚೆ ಹೊಡೆದರೆ, ಅದು ಯಾವ ಲೆಕ್ಕದಲ್ಲೂ ಬರೆದಿಡೋದಿಲ್ಲ. 'ಗುರಿ ತಪ್ಪಿತು' ಅಂತಾರೆ, ಅಷ್ಟೇ.

ಪ್ಯಾರಿಸ್‌ನ ಕ್ವಾರ್ಟರ್‌ಫೈನಲ್ ನೆನಪಿದೆಯಾ? ಬ್ರಿಟನ್ ಎದುರು 17ನೇ ನಿಮಿಷಕ್ಕೇ ಅಮಿತ್‌ಗೆ ರೆಡ್ ಕಾರ್ಡ್. ಆಟ 60 ನಿಮಿಷದ್ದು. ಉಳಿದ 40ಕ್ಕೂ ಹೆಚ್ಚು ನಿಮಿಷ ಹತ್ತೇ ಜನ ಆಡಬೇಕಾಯಿತು. ಮಿಡ್‌ಫೀಲ್ಡರ್ ಮನ್‌ಪ್ರೀತ್ ಸಿಂಗ್ ಹಿಂದಕ್ಕೆ ಬಂದು ಆ ಜಾಗ ತುಂಬಿದರು. ಹರ್ಮನ್‌ಪ್ರೀತ್ 22ನೇ ನಿಮಿಷದಲ್ಲಿ ಗೋಲ್ ಹೊಡೆದರು, ಬ್ರಿಟನ್ 27ನೇ ನಿಮಿಷದಲ್ಲಿ ಸಮ ಮಾಡಿತು. ಆಮೇಲೆ ಅರ್ಧ ಗಂಟೆಗೂ ಮೇಲೆ ಬ್ರಿಟನ್ ಅಲೆ ಅಲೆಯಾಗಿ ಬಂತು. ಪೆನಾಲ್ಟಿ ಕಾರ್ನರ್ ಮೇಲೆ ಪೆನಾಲ್ಟಿ ಕಾರ್ನರ್. ಒಂದೂ ಒಳಗೆ ಹೋಗಲಿಲ್ಲ. 1-1. ಒಬ್ಬೊಬ್ಬರಾಗಿ ಕೀಪರ್ ಎದುರು ಚೆಂಡು ತಂದು ಗೋಲ್ ಹೊಡೆಯೋ ಶೂಟೌಟ್‌ನಲ್ಲಿ 4-2ರಿಂದ ಗೆದ್ದೆವು. ನಮ್ಮ ಗೋಲ್‌ಕೀಪರ್ ಶ್ರೀಜೇಶ್ ಎರಡೂ ಕೈ ಎತ್ತಿ ನಿಂತ ಚಿತ್ರ ಎಲ್ಲರ ಫೋನಿನಲ್ಲೂ ಬಂತು. ನಮ್ಮ ಮನೆಯಲ್ಲಿ ಅವತ್ತು ಭಾನುವಾರದ ಊಟ ಆರಿ ತಣ್ಣಗಾಗಿತ್ತು, ಯಾರೂ ಎದ್ದಿರಲಿಲ್ಲ.

ಮುಂದಿನ ಪಂದ್ಯಕ್ಕೆ ಅಮಿತ್ ಇರಲಿಲ್ಲ, ಒಂದು ಪಂದ್ಯದ ನಿಷೇಧ ಬಿತ್ತು. ಸೆಮಿಫೈನಲ್‌ನಲ್ಲಿ ಜರ್ಮನಿಯ ಪೈಲಾಟ್ 18ನೇ ನಿಮಿಷದಲ್ಲಿ ಪೆನಾಲ್ಟಿ ಕಾರ್ನರ್‌ನಿಂದ ಗೋಲ್ ಹೊಡೆದರು. 2-3ರಿಂದ ಸೋತೆವು. ಅಮಿತ್ ಇದ್ದಿದ್ದರೆ ಆ ಗೋಲ್ ನಿಲ್ಲುತ್ತಿತ್ತು ಅಂತ ಯಾರೂ ಆಣೆ ಮಾಡಿ ಹೇಳೋಕೆ ಆಗಲ್ಲ. ಆದರೆ ಒಬ್ಬ ರಶರ್‌ನ ಬೆಲೆ ಗೊತ್ತಾಗಬೇಕಾದರೆ ಅವನು ಇಲ್ಲದ ಪಂದ್ಯ ನೋಡಬೇಕು ಅನ್ನೋದು ನನಗೆ ಅವತ್ತು ಗೊತ್ತಾಯಿತು.

ಹಾಗಾದರೆ ತಡೆಯೋದನ್ನು ಅಳೆಯೋದು ಹೇಗೆ? ಟ್ಯಾಕಲ್ ಎಷ್ಟು ಮಾಡಿದ ಅಂತ ಎಣಿಸಬಹುದು, ಆದರೆ ಅದೂ ಪೂರ್ತಿ ಸತ್ಯ ಹೇಳಲ್ಲ. ಒಳ್ಳೆಯ ಡಿಫೆಂಡರ್ ಟ್ಯಾಕಲ್ ಮಾಡೋ ಪರಿಸ್ಥಿತಿಗೇ ಬಿಡೋದಿಲ್ಲ. ಎದುರಾಳಿಗೆ ಪಾಸ್ ಬರೋ ದಾರಿಯಲ್ಲೇ ನಿಂತಿರುತ್ತಾನೆ. ಫಾರ್ವರ್ಡ್ ಬಂದರೆ ಮೇಲೆ ಬೀಳದೆ, ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾ ಅವನನ್ನು ಮೈದಾನದ ಅಂಚಿನ ಕಡೆಗೆ ತಳ್ಳಿಕೊಂಡು ಹೋಗುತ್ತಾನೆ. ಅಲ್ಲಿಂದ ಗೋಲ್ ಕಾಣಿಸುತ್ತದೆ, ಹೊಡೆಯೋಕೆ ಕೋನ ಸಿಗಲ್ಲ. ನೋಡೋರಿಗೆ ಏನೂ ಆಗಲಿಲ್ಲ ಅನ್ನಿಸುತ್ತದೆ. ಆ 'ಏನೂ ಆಗಲಿಲ್ಲ' ಅನ್ನೋದೇ ಅವನ ಕೆಲಸ.

ಇದನ್ನು ಜಗತ್ತು ಗುರುತಿಸಿದ ಉದಾಹರಣೆ ಒಂದಿದೆ. ಬೆಲ್ಜಿಯಂನ ಆರ್ಥರ್ ವಾನ್ ಡೊರೆನ್. ಡ್ರ್ಯಾಗ್ ಫ್ಲಿಕ್‌ಗೆ ಹೆಸರಾದವರಲ್ಲ, ಗೋಲ್ ಹೊಡೆದಿದ್ದು ಕಮ್ಮಿ. ಆದರೂ 2017 ಮತ್ತು 2018ರಲ್ಲಿ ಸತತ ಎರಡು ವರ್ಷ ಜಗತ್ತಿನ ಅತ್ಯುತ್ತಮ ಆಟಗಾರ. ಬೆಲ್ಜಿಯಂ 2018ರಲ್ಲಿ ಭುವನೇಶ್ವರದಲ್ಲಿ ವಿಶ್ವಕಪ್ ಗೆದ್ದಿತು, ಟೋಕಿಯೋದಲ್ಲಿ ಚಿನ್ನ ಗೆದ್ದಿತು. ಆ ತಂಡದ ಆಟ ಶುರುವಾಗುತ್ತಿದ್ದಿದ್ದೇ ಅವರ ಸ್ಟಿಕ್ಕಿನಿಂದ. ಚೆಂಡು ಕಸಿದು, ತಲೆ ಎತ್ತಿ, ಎಲ್ಲಿಗೆ ಕೊಡಬೇಕೋ ಅಲ್ಲಿಗೆ ಕೊಡೋದು. ಕೌಶಲ ಅಂದರೆ ಮೂರು ಜನರನ್ನು ದಾಟಿಸಿ ಓಡೋದು ಮಾತ್ರ ಅಂತ ನಾವು ತಿಳಿದಿದ್ದೇವೆ. ಶಾಹಿದ್ ಡ್ರಿಬ್ಲಿಂಗ್, ಧನರಾಜ್ ಓಟ ನೋಡಿ ಬೆಳೆದವರಿಗೆ ಅದು ಸಹಜವೇ. ಆದರೆ ವಾನ್ ಡೊರೆನ್‌ನಂಥವರದ್ದೂ ಕೌಶಲವೇ, ಬೇರೆ ಜಾತಿಯದು.

ಇನ್ನು ಹಳಬರು, ಹೊಸಬರು ಅನ್ನೋ ಜಗಳ. ಇಲ್ಲಿ ಜನ ಒಂದು ದೊಡ್ಡ ವಿಷಯ ಮರೆಯುತ್ತಾರೆ. ಆಟದ ಹೆಸರು ಒಂದೇ ಆದರೂ ಆಟ ಒಂದೇ ಅಲ್ಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ವರೆಗೆ ಹುಲ್ಲಿನ ಮೇಲೆ ಆಡುತ್ತಿದ್ದರು, ಅಲ್ಲಿಂದ ಟರ್ಫ್, ಅಂದರೆ ಕೃತಕ ಹಾಸು ಬಂತು. ಹಿಂದಿನ ವರ್ಷವಷ್ಟೇ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಗೆದ್ದಿದ್ದ ಭಾರತ ಮಾಂಟ್ರಿಯಲ್‌ನಲ್ಲಿ ಏಳನೇ ಸ್ಥಾನಕ್ಕೆ ಇಳಿಯಿತು. 1990ರ ದಶಕದಲ್ಲಿ, ಡಿಫೆಂಡರ್‌ಗಳನ್ನು ದಾಟಿ ಮುಂದೆ ನಿಂತು ಚೆಂಡಿಗೆ ಕಾಯಬಾರದು ಅನ್ನೋ ಆಫ್‌ಸೈಡ್ ನಿಯಮವೇ ಹೋಯಿತು. ಇದರ ಪೆಟ್ಟು ಜಾಸ್ತಿ ಬಿದ್ದಿದ್ದು ಡಿಫೆಂಡರ್‌ಗಳಿಗೆ. ಮೊದಲು ಫುಲ್‌ಬ್ಯಾಕ್‌ಗಳು ಸರಿಯಾದ ಹೊತ್ತಿಗೆ ಎರಡು ಹೆಜ್ಜೆ ಮುಂದೆ ಬಂದರೆ ಫಾರ್ವರ್ಡ್ ಆಫ್‌ಸೈಡಿನಲ್ಲಿ ಸಿಕ್ಕಿಬೀಳುತ್ತಿದ್ದ. ಈಗ ಅವನು ಕೀಪರ್ ಪಕ್ಕದಲ್ಲೇ ಹೋಗಿ ನಿಂತರೂ ಕೇಳುವ ಹಾಗಿಲ್ಲ. ಕಾಯಬೇಕಾದ ಜಾಗ ಎಷ್ಟು ದೊಡ್ಡದಾಯಿತು ನೋಡಿ. ಇನ್ನೊಂದು ಕಡೆ, ಹಿಂದಿನವರು 35 ನಿಮಿಷದ ಎರಡು ಅವಧಿ ಹೆಚ್ಚೂಕಮ್ಮಿ ಅದೇ ಹನ್ನೊಂದು ಜನ ಆಡಿ ಮುಗಿಸುತ್ತಿದ್ದರು. ಈಗ 15 ನಿಮಿಷದ ನಾಲ್ಕು ಕ್ವಾರ್ಟರ್, ಬೇಕಾದಾಗ ಆಚೆ ಬಂದು ಉಸಿರು ತಗೊಂಡು ಒಳಗೆ ಹೋಗಬಹುದು. ಇದನ್ನೆಲ್ಲ ಬಿಟ್ಟು ಸಂಖ್ಯೆ ಪಕ್ಕ ಸಂಖ್ಯೆ ಇಟ್ಟರೆ ಸಿಗೋದು ಜಗಳ ಮಾತ್ರ.

ಟರ್ಫ್ ವಿಷಯ ಬಂದಾಗ ನಮ್ಮ ಕಡೆಯ ಮಾತೊಂದು ಹೇಳಬೇಕು. ದೊಡ್ಡ ಕೂಟಗಳ ಟರ್ಫ್‌ಗೆ ಪಂದ್ಯಕ್ಕೆ ಮುಂಚೆ ನೀರು ಹೊಡೆಯಬೇಕು, ಇಲ್ಲದಿದ್ದರೆ ಚೆಂಡು ಸರಿಯಾಗಿ ಓಡಲ್ಲ. ಸಾವಿರ ಅಡಿ ಕೊರೆದರೂ ನೀರು ಸಿಗುವ ಗ್ಯಾರಂಟಿ ಇಲ್ಲದ, ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರನ್ನು ಕೆರೆಗೆ ತುಂಬಿಸಿಕೊಳ್ಳುತ್ತಿರುವ ಕೋಲಾರದಲ್ಲಿ ಇಂಥ ಮೈದಾನ ಕೇಳೋಕೇ ಬಾಯಿ ಬರಲ್ಲ. ಪ್ಯಾರಿಸ್‌ನಲ್ಲಿ ಕಡಿಮೆ ನೀರು ಸಾಕಾಗುವ ಟರ್ಫ್ ಹಾಸಿದ್ದರು. ಅಂಥದ್ದು ಅಗ್ಗವಾಗಿ ಸಿಗೋ ಕಾಲ ಬಂದರೆ ನಮ್ಮಂಥ ಜಿಲ್ಲೆಗಳ ಮಕ್ಕಳಿಗೆ ದಾರಿಯಾಗುತ್ತದೆ. ಅಲ್ಲಿಯವರೆಗೆ ಗಟ್ಟಿ ಮಣ್ಣು, ಜಲ್ಲಿ.

ನಾನು ಆಡಿದ್ದು ಅದೇ ಮಣ್ಣಿನಲ್ಲಿ. ಹೈಸ್ಕೂಲಿನಲ್ಲಿ ಫುಲ್‌ಬ್ಯಾಕ್. ನಮ್ಮ ಕೆಂಪು ನೆಲದಲ್ಲಿ ಚೆಂಡು ನೇರ ಬರೋದೇ ಇಲ್ಲ. ಎರಡು ಮಾರು ದೂರದಲ್ಲಿ ಒಂದು ಕಲ್ಲಿಗೆ ತಾಗಿ ಪುಟಿದು ಮೊಣಕಾಲಿಗೆ ಬರುತ್ತದೆ. ಹಾಗಾಗಿ ಸ್ಟಿಕ್ ಒಂದನ್ನೇ ನಂಬದೆ, ಕಾಲು ಅಗಲಿಸಿ ಬಗ್ಗಿ, ಮೈಯನ್ನೇ ಚೆಂಡಿನ ಹಿಂದೆ ತರಬೇಕು. ಶಿನ್‌ಗಾರ್ಡ್ ಎಲ್ಲರಿಗೂ ಇರಲಿಲ್ಲ. ಕಾಲ್ಚೀಲದೊಳಗೆ ನೋಟ್‌ಬುಕ್ಕಿನ ರಟ್ಟು ಸಿಕ್ಕಿಸಿಕೊಳ್ಳುತ್ತಿದ್ದೆವು. ನಮ್ಮ ಗೋಲ್‌ಕೀಪರ್ ಕ್ರಿಕೆಟ್ ಪ್ಯಾಡ್ ಕಟ್ಟಿಕೊಂಡು ನಿಲ್ಲುತ್ತಿದ್ದ. ಒಂದು ತಾಲ್ಲೂಕು ಮಟ್ಟದ ಫೈನಲ್‌ನಲ್ಲಿ ಅವನು ಗಲ್ಲಕ್ಕೆ ಪೆಟ್ಟು ತಿಂದು, ರಕ್ತ ಒರೆಸಿಕೊಂಡು, ಕೊನೆಯ ಹತ್ತು ನಿಮಿಷ ಒಂದೂ ಗೋಲ್ ಬಿಡಲಿಲ್ಲ. 1-0 ಗೆದ್ದೆವು. ಮಾರನೆಯ ದಿನ ಪ್ರಾರ್ಥನೆ ಹೊತ್ತಲ್ಲಿ ಶಾಲೆಯವರು ಗೋಲ್ ಹೊಡೆದವನನ್ನು ಕರೆದು ಸ್ಟೀಲ್ ಲೋಟ ಕೊಟ್ಟರು. ಕೀಪರ್ ಹೆಸರು ಹೇಳಲೂ ಇಲ್ಲ. ಅವನು ಸಾಲಿನಲ್ಲಿ ನನ್ನ ಹಿಂದೆಯೇ ನಿಂತಿದ್ದ, ಗಲ್ಲಕ್ಕೆ ಬ್ಯಾಂಡೇಜ್ ಹಾಕಿಕೊಂಡು. ಮುಂದಿನ ವರ್ಷ ಅವನು ಆಡೋಕೆ ಬರಲಿಲ್ಲ. ನನಗೆ ಇವತ್ತಿಗೂ ಅದು ಸಂಕಟದ ನೆನಪು.

ಇತಿಹಾಸವೂ ಇದನ್ನೇ ಮಾಡಿದೆ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್, ನಮ್ಮ ಮೊದಲ ಚಿನ್ನ. ಧ್ಯಾನ್‌ಚಂದ್ 14 ಗೋಲ್ ಅನ್ನೋದು ಪಾಠದಲ್ಲಿ ಓದಿದ್ದೇವೆ. ಆ ಕೂಟದಲ್ಲಿ ಭಾರತ ಐದು ಪಂದ್ಯ ಆಡಿ ಎದುರಾಳಿಗೆ ಬಿಟ್ಟಿದ್ದು ಎಷ್ಟು ಗೋಲ್ ಗೊತ್ತಾ? ಸೊನ್ನೆ. ಕೀಪರ್ ಹೆಸರು ರಿಚರ್ಡ್ ಆಲೆನ್, ಆಂಗ್ಲೋ ಇಂಡಿಯನ್. ರೈಲಿನಲ್ಲಿ ಇದನ್ನು ಹೇಳಿದಾಗ ಕೆಜಿಎಫ್ ಹಿರಿಯರ ಮುಖ ಅರಳಿತು. ಗಣಿ ನಡೆಯುತ್ತಿದ್ದ ಕಾಲದಲ್ಲಿ ಅಲ್ಲಿನ ಆಂಗ್ಲೋ ಇಂಡಿಯನ್ ಕುಟುಂಬಗಳವರು ಸಂಜೆ ಹೊತ್ತು ಹಾಕಿ ಆಡುತ್ತಿದ್ದಿದ್ದನ್ನು ಅವರು ಹುಡುಗರಾಗಿದ್ದಾಗ ಬೇಲಿ ಆಚೆ ನಿಂತು ನೋಡಿದವರು. ಆದರೂ ಆಲೆನ್ ಹೆಸರು ಅವರೂ ಕೇಳಿರಲಿಲ್ಲ.

ಗೋಲ್‌ಕೀಪರ್ ಶಂಕರ್ ಲಕ್ಷ್ಮಣ್ ಕತೆ ಇನ್ನೂ ಗಟ್ಟಿ. 1956, 1960, 1964, ಮೂರು ಒಲಿಂಪಿಕ್ ಫೈನಲ್, ಮೂರೂ ಪಾಕಿಸ್ತಾನದ ಎದುರು. 1-0 ಗೆಲುವು, 0-1 ಸೋಲು, 1-0 ಗೆಲುವು. ಅಂದರೆ ಮೂರು ಫೈನಲ್ ಸೇರಿ ಬಿಟ್ಟಿದ್ದು ಒಂದೇ ಒಂದು ಗೋಲ್. ಅದೂ ಇವತ್ತಿನ ಹೆಲ್ಮೆಟ್ ಇಲ್ಲದ ಕಾಲದಲ್ಲಿ. ಶ್ರೀಜೇಶ್ ದೊಡ್ಡವರೋ ಲಕ್ಷ್ಮಣ್ ದೊಡ್ಡವರೋ ಅಂತ ಕೇಳಿದರೆ, ಚಿನ್ನದ ಪದಕ ಮತ್ತು ಫೈನಲ್‌ಗಳ ಲೆಕ್ಕದಲ್ಲಿ ಲಕ್ಷ್ಮಣ್ ಮುಂದೆ ಅಂತ ನಾನು ಖಂಡಿತ ಹೇಳುತ್ತೇನೆ. ಶ್ರೀಜೇಶ್ ಎದುರಿಸಿದ ಡ್ರ್ಯಾಗ್ ಫ್ಲಿಕ್ ವೇಗ, ಎಂಟು ಸೆಕೆಂಡಿನ ಶೂಟೌಟ್, ಇವು ಲಕ್ಷ್ಮಣ್ ಕಾಲದಲ್ಲಿ ಇರಲಿಲ್ಲ. ಟೋಕಿಯೋದ ಕಂಚಿನ ಪದಕದ ಪಂದ್ಯದಲ್ಲಿ ಜರ್ಮನಿ ಎದುರು ನಾವು 5-4 ಮುಂದಿದ್ದಾಗ ಕೊನೆಯ ಆರು ಸೆಕೆಂಡು ಉಳಿದಿತ್ತು, ಜರ್ಮನಿಗೆ ಪೆನಾಲ್ಟಿ ಕಾರ್ನರ್. ಆ ಒಂದು ಚೆಂಡು ಒಳಗೆ ಹೋಗಿದ್ದರೆ 41 ವರ್ಷದ ಕಾಯುವಿಕೆ ಅಲ್ಲಿಗೇ ಮುಗಿಯುತ್ತಿರಲಿಲ್ಲವೇನೋ. ಶ್ರೀಜೇಶ್ ನಿವೃತ್ತಿಯ ನಂತರ ಹಾಕಿ ಇಂಡಿಯಾ ಸೀನಿಯರ್ ತಂಡದಲ್ಲಿ ಅವರ 16ನೇ ನಂಬರ್ ಜೆರ್ಸಿಯನ್ನು ಇನ್ಯಾರಿಗೂ ಕೊಡೋದಿಲ್ಲ ಅಂತ ತೀರ್ಮಾನ ಮಾಡಿತು. ತಡೆದವರಿಗೆ ಸಿಕ್ಕ ಇಷ್ಟು ದೊಡ್ಡ ಮರ್ಯಾದೆ ಬೇರೆ ನನಗೆ ನೆನಪಿಲ್ಲ.

ಹೆಣ್ಣುಮಕ್ಕಳ ತಂಡದಲ್ಲೂ ಅಷ್ಟೇ. ಟೋಕಿಯೋ ಕ್ವಾರ್ಟರ್‌ಫೈನಲ್‌ನಲ್ಲಿ ಆಸ್ಟ್ರೇಲಿಯಾವನ್ನು 1-0ರಿಂದ ಸೋಲಿಸಿದ್ದು ಗುರ್ಜಿತ್ ಕೌರ್ ಗೋಲಿನಿಂದ ಅಂತ ನೆನಪಿಟ್ಟುಕೊಂಡಿದ್ದೇವೆ. ಆ 0 ಅನ್ನೋದು ಸವಿತಾ ಪೂನಿಯಾ ಅವರದ್ದು. ಜಗತ್ತಿನ ಅತ್ಯುತ್ತಮ ಗೋಲ್‌ಕೀಪರ್ ಪ್ರಶಸ್ತಿ ಸತತ ಮೂರು ಸಲ ಅವರಿಗೆ ಬಂತು. ನಮ್ಮ ಬೋಗಿಯಲ್ಲಿ ಅವರ ಹೆಸರು ಬರಲೇ ಇಲ್ಲ, ಅದನ್ನು ನಾನು ಜಗಳ ಮಾಡಿಯೇ ಸೇರಿಸಿದೆ.

ಕರ್ನಾಟಕದ ಮಾತಿಗೆ ಬಂದರೆ ಕೊಡಗಿನವರನ್ನು ಬಿಟ್ಟು ಮಾತೇ ಇಲ್ಲ. 1975ರ ವಿಶ್ವಕಪ್ ಗೆದ್ದ ತಂಡದಲ್ಲಿ ಬಿ.ಪಿ. ಗೋವಿಂದ, 1980ರ ಮಾಸ್ಕೋ ಚಿನ್ನದ ತಂಡದಲ್ಲಿ ಎಂ.ಎಂ. ಸೋಮಯ್ಯ. ಸೋಮಯ್ಯ ಹಾಫ್‌ಬ್ಯಾಕ್, 1988ರ ಸೋಲ್‌ನಲ್ಲಿ ನಾಯಕ. ಹಿಂದಿನಿಂದ ಆಟ ಕಟ್ಟಿದವರು. ವಿ.ಆರ್. ರಘುನಾಥ್ ಬಗ್ಗೆ ಕೇಳಿದರೆ ಎಲ್ಲರೂ ಪೆನಾಲ್ಟಿ ಕಾರ್ನರ್ ಅನ್ನುತ್ತಾರೆ, ಅವರು ಫುಲ್‌ಬ್ಯಾಕ್ ಆಗಿ ವರ್ಷಗಟ್ಟಲೆ ನಿಂತಿದ್ದನ್ನು ಹೇಳೋರು ಕಮ್ಮಿ. ಎಂ.ಪಿ. ಗಣೇಶ್ ನಾಯಕರಾಗಿದ್ದ 1973ರ ವಿಶ್ವಕಪ್‌ನಲ್ಲಿ ಭಾರತ ಫೈನಲ್‌ವರೆಗೆ ಹೋಗಿ, ನೆದರ್ಲೆಂಡ್ಸ್ ಎದುರು 2-0 ಮುಂದಿದ್ದು, 2-2 ಆಗಿ, ಪೆನಾಲ್ಟಿ ಸ್ಟ್ರೋಕ್‌ಗಳಲ್ಲಿ ಸೋತಿತು. ಎರಡು ಗೋಲ್ ಹೊಡೆದಿದ್ದು ಸಾಲಲಿಲ್ಲ, ಅದನ್ನು ಕಾಪಾಡಿಕೊಳ್ಳಬೇಕಿತ್ತು. ಆ ಫೈನಲ್ ನಡೆದಿದ್ದು ಆಮ್‌ಸ್ಟೆಲ್‌ವೇನ್‌ನಲ್ಲಿ. ಈ ಸಲದ ವಿಶ್ವಕಪ್ ಪಂದ್ಯಗಳೂ ಅದೇ ಊರಲ್ಲಿ ಇವೆ.

ಈಗ ಭಾರತ ತಂಡದಲ್ಲಿ ಶ್ರೀಜೇಶ್ ಇಲ್ಲ. ಕೃಷ್ಣ ಪಾಠಕ್, ಸೂರಜ್ ಕರ್ಕೇರ ಅವರಂಥ ಕೀಪರ್‌ಗಳ ಮೇಲೆ ಭಾರ ಬಿದ್ದಿದೆ. ಮುಂದಿನ ಸಾಲಿಗಿಂತ ಇಲ್ಲೇ ನಮ್ಮ ಪರೀಕ್ಷೆ ಅಂತ ನನಗನ್ನಿಸುತ್ತದೆ.

ರೈಲಿನ ಹುಡುಗ ಪೂರ್ತಿ ಒಪ್ಪಲಿಲ್ಲ. "ಗೋಲ್ ಹೊಡೀದೆ ಹೆಂಗಣ್ಣಾ ಗೆಲ್ಲೋದು?" ಅಂದ. ಸರಿಯಾದ ಪ್ರಶ್ನೆಯೇ. ಅವನು ವೈಟ್‌ಫೀಲ್ಡಿನಲ್ಲಿ ಇಳಿಯೋ ಮುಂಚೆ ನನ್ನ ಫೋನಿನಲ್ಲಿ ಪ್ಯಾರಿಸ್ ಕ್ವಾರ್ಟರ್‌ಫೈನಲ್‌ನ ಒಂದು ಪೆನಾಲ್ಟಿ ಕಾರ್ನರ್ ತೆಗೆದು ತೋರಿಸಿದೆ. ಚೆಂಡು ನೋಡಬೇಡ, ಗೋಲ್ ಒಳಗಿನಿಂದ ಓಡಿಬರೋನನ್ನು ನೋಡು ಅಂದೆ. ನೋಡಿದ. ಮತ್ತೆ ಹಿಂದಕ್ಕೆ ಎಳೆದು ಇನ್ನೊಂದು ಸಲ ನೋಡಿದ. ಅವನ ಸ್ಟೇಷನ್ ಬಂದರೂ ಫೋನ್ ವಾಪಸ್ ಕೊಡೋದು ಮರೆತು ಬಾಗಿಲವರೆಗೆ ಹೋಗಿದ್ದ.